ಕುರಿಗಳ ಮೈ ಬೋಳಾದ ತಿಂಗಳು

ಸಮುದ್ರವನ್ನು ನಾನು ಇವತ್ತಿನವರೆಗೂ ಕಣ್ಣಾರೆ ಕಂಡಿಲ್ಲ. ಆದರೂ ಅದರ ಮೇಲೆ ನನಗೆ ಸಿಟ್ಟಿದೆ. ಆಂಧ್ರದ ಕಡಲಲ್ಲಿ ಗಾಳಿ ಎದ್ದರೆ ಮೋಡ ಬಂದು ಕೂರುವುದು ನಮ್ಮ ರಾಯಚೂರು ಸೀಮೆಯ ನೆತ್ತಿಯ ಮೇಲೆ, ಅದೂ ಚಳಿಗಾಲದಲ್ಲಿ.

ನನ್ನ ಮದುವೆಯ ವರ್ಷ ಅದು. ನಮ್ಮದು ಗೂಗಲ್ ಎಂಬ ಊರಿನ ಕಡೆಯ ಕುರಿ ಕಾಯುವ ಮನೆತನ. ನಮ್ಮಲ್ಲಿ ಮದುಮಕ್ಕಳನ್ನು ಕೂರಿಸುವುದು ಕರಿ ಕಂಬಳಿಯ ಮೇಲೆ. ಅಂಗಡಿಯ ಕಂಬಳಿ ಅಪ್ಪನಿಗೆ ನಡೆಯದು. ತನ್ನ ಕುರಿಗಳ ಉಣ್ಣೆಯದೇ ಆಗಬೇಕು. ದೀಪಾವಳಿ ಹೊತ್ತಿಗೆ ಉಣ್ಣೆ ಕತ್ತರಿಸಿದರೆ ಚಳಿ ಬಲಿಯುವಷ್ಟರಲ್ಲಿ ಮೈಮೇಲೆ ಮತ್ತೆ ಅಷ್ಟಿಷ್ಟು ಬೆಳೆದಿರುತ್ತದೆ. ಆ ವರ್ಷ ದೀಪಾವಳಿಯಲ್ಲೂ ಮಳೆ ಬಿಡಲಿಲ್ಲ. ಹಸಿ ಉಣ್ಣೆಗೆ ಕತ್ತರಿ ಆಡದು. ಅತ್ತ ನೇಯುವವರು ಉಣ್ಣೆ ಎಲ್ಲಿ ಎಂದು ಕೇಳತೊಡಗಿದರು.

ಡಿಸೆಂಬರ್ ಬಂತು, ಬಿಸಿಲೂ ಬಂತು. ಚಳಿಗಾಲ ಈ ಸಲ ರಜೆ ಹಾಕಿದೆ ಎಂದು ನಗುತ್ತಿದ್ದೆವು. ಕಲ್ಮಲದ ಹತ್ತಿರ ಒಬ್ಬರ ಹೊಲದಲ್ಲಿ ಗೊಬ್ಬರಕ್ಕೆಂದು ಕುರಿ ನಿಲ್ಲಿಸಿದ್ದೆವು. ಅಪ್ಪ ಅಲ್ಲೇ ಕತ್ತರಿ ತೆಗೆದ.

"ಈಗ ಬ್ಯಾಡ. ಥಂಡಿ ಇನ್ನೂ ಮುಂದದ," ಅಂದಳು ಅವ್ವ.

"ಬಿಸಿಲು ನೋಡು ಹ್ಯಾಂಗದ. ಮಗಳು ಬರೇ ನೆಲದ ಮ್ಯಾಲ ಕುಂದ್ರಬೇಕೇನು?" ಅಂದ ಅಪ್ಪ.

ಉಣ್ಣೆಯ ಗಂಟು ನೇಯುವವರ ಮನೆ ಸೇರಿತು, ಮೂಡಣ ದಿಕ್ಕು ಕಪ್ಪಿಟ್ಟಿತು. ಸಮುದ್ರದಲ್ಲಿ ತೂಫಾನು ಎಂದು ಎಲ್ಲರ ಫೋನಿನಲ್ಲೂ ಸುದ್ದಿ. ಆಮೇಲೆ ಶುರುವಾಯಿತು ಜಿಟಿಜಿಟಿ ಮಳೆ, ಜೊತೆಗೆ ಮೈ ಕೊರೆಯುವ ಗಾಳಿ. ಜೋರು ಮಳೆಯಾದರೆ ಸುರಿದು ಹೋದೀತು. ಇದು ಹೋಗುವ ಮಳೆಯೇ ಅಲ್ಲ. ಎರೆಹೊಲದ ಕೆಸರಲ್ಲಿ ಕುರಿಗಳು ಕಾಲು ಕೀಳಲಾರದೆ ನಿಂತವು. ಇದ್ದೊಂದು ತಾಡಪತ್ರಿ ಮರಿಗಳಿಗೇ ಸಾಲಲಿಲ್ಲ. ಅಪ್ಪ ಹೊದ್ದಿದ್ದ ಕಂಬಳಿಯನ್ನೂ ಕುರಿಗಳ ಮೇಲೆ ಹಾಕಿ ಬರೀ ಅಂಗಿಯಲ್ಲಿ ನಡುಗಿದ. ಬೋಳು ಮೈಯ ಕುರಿಗಳು ಒಂದರ ಹೊಟ್ಟೆಯಡಿ ಇನ್ನೊಂದು ತಲೆ ತೂರಿಸಿ ಗುಪ್ಪೆಯಾದವು. ಬೆಳಗ್ಗೆ ಗುಪ್ಪೆ ಬಿಡಿಸಿದರೆ ಅಡಿಯಲ್ಲಿದ್ದವು ಏಳಲಿಲ್ಲ.

ಅಪ್ಪ ಸತ್ತವುಗಳ ಮೈಯನ್ನೂ ತಿಕ್ಕುತ್ತಿದ್ದ. "ಏಳಬೇ, ಏಳು," ಅನ್ನುತ್ತಿದ್ದ. ನನಗೆ ಅದನ್ನು ನೋಡಲಾಗಲಿಲ್ಲ.

ಹೊಲದವರೇ ಬದುವಿನ ಪಕ್ಕ ಗುಂಡಿ ತೋಡಿಸಿಕೊಟ್ಟರು. ಮರುದಿನ ಮತ್ತೊಂದು. ತಿಂಗಳ ಕೊನೆಗೆ ಸೂರ್ಯ ಮುಖ ತೋರಿಸಿದಾಗ ಹಿಂಡಿನಲ್ಲಿ ಉಳಿದದ್ದು ಅರ್ಧವೂ ಇಲ್ಲ. ಸಣ್ಣ ಮಾತಿಗೂ ಊರು ಒಂದು ಮಾಡುವ ಅವ್ವ, ನಾ ಹೇಳಿರಲಿಲ್ಲೇನು ಎಂದು ಒಮ್ಮೆಯೂ ಅನ್ನಲಿಲ್ಲ. ಅದಕ್ಕೇ ನನಗೆ ಹೆಚ್ಚು ಹೆದರಿಕೆಯಾಯಿತು.

ಮದುವೆ ನಿಲ್ಲಲಿಲ್ಲ. ಕಂಬಳಿ ನೇಯ್ದು ಬಂತು, ಕಪ್ಪಗೆ, ದಟ್ಟವಾಗಿ. ಹಂದರದಲ್ಲಿ ಅದನ್ನು ಹಾಸಿದಾಗ ನನ್ನ ಕಾಲು ಮುಂದೆ ಬರಲಿಲ್ಲ.

"ಯಪ್ಪಾ, ಚಾಪಿ ಹಾಸ್ರಿ. ನಾ ಇದರ ಮ್ಯಾಲ ಕುಂದ್ರಂಗಿಲ್ಲ."

ಅಪ್ಪ ಬಗ್ಗಿ ಕಂಬಳಿಯ ಸುಕ್ಕನ್ನು ಅಂಗೈಯಲ್ಲಿ ಸವರಿದ, ಕುರಿಯ ಬೆನ್ನು ಸವರುವ ಹಾಗೆಯೇ.

"ಕುಂದ್ರವ್ವಾ. ನಿನಗಂತನ ಕೊಟ್ಟು ಹೋಗ್ಯಾವ."

ಕೂತೆ. ಬೆಚ್ಚಗಿತ್ತು. ನಾನು ಬಿಕ್ಕಿದ್ದು ನೋಡಿ ಜನ ತವರು ಬಿಡುವ ಸಂಕಟ ಅಂದುಕೊಂಡರು. ಅಪ್ಪ ಮಾತ್ರ ಎದ್ದು ಹಂದರದ ಹೊರಗೆ ಹೋದ.