ಜಗಲಿಯ ಮೇಲಿನ ಪಿಂಗಾಣಿ ಬಟ್ಟಲು

ನಮ್ಮ ಮನೆಯ ಜಗಲಿ ಕಟ್ಟೆಯ ಮೂಲೆಯಲ್ಲಿ ಒಂದು ಪಿಂಗಾಣಿ ಬಟ್ಟಲು ಸದಾ ಬೋರಲು ಬಿದ್ದಿರುತ್ತಿತ್ತು. ನೀಲಿ ಅಂಚಿನದು, ಹಿಡಿಯ ಹತ್ತಿರ ಸ್ವಲ್ಪ ಮುಕ್ಕಾದದ್ದು. ಒಳಗೆ ಬರಬಾರದವರು ಬಂದರೆ ಅವರಿಗೆ ಅದರಲ್ಲಿ ಕಾಫಿ. ತೋಟದ ಮೇಸ್ತ್ರಿ, ಪಾರ್ಚ್‌ಮೆಂಟ್ ಕಾಫಿಬೀಜ ಕೊಳ್ಳಲು ಬರುವ ಸಾಬರು, ಪಕ್ಕದ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ಕಿರಿಸ್ತಾನ ರೈಟರು, ಎಲ್ಲರಿಗೂ ಅದೇ ಒಂದು. ನಾವು ಎತ್ತರದಿಂದ ಹೊಯ್ಯಬೇಕು, ಅವರು ಕುಡಿದು, ತೊಳೆದು, ಬೋರಲು ಹಾಕಿ ಹೋಗಬೇಕು. ಈಗಿನವರಿಗೆ ಹೇಳಿದರೆ ಮುಖ ಸಿಂಡರಿಸುತ್ತಾರೆ. ಸಿಂಡರಿಸಲಿ. ಗೋಣಿಬೀಡಿನಿಂದ ಕಳಸದವರೆಗೆ ನಮ್ಮಂಥವರ ಮನೆಗಳಲ್ಲೆಲ್ಲ ಅಂಥದೊಂದು ಇತ್ತು. ನಮ್ಮಲ್ಲಿ ಇರಲಿಲ್ಲಪ್ಪ ಅನ್ನುವವರ ಮಾತನ್ನು ನಾನಂತೂ ನಂಬುವುದಿಲ್ಲ.

ಅಣ್ಣ ಮೈಸೂರಿನಲ್ಲಿ ಓದುತ್ತಿದ್ದವನು ಅಪ್ಪಯ್ಯನನ್ನು ಒಂದು ಮಾತೂ ಕೇಳದೆ ವಿಮಾನದ ಪಡೆಗೆ ಸೇರಿಬಿಟ್ಟಿದ್ದ. ಅದೂ ಫೈಟರ್ ಸ್ಕ್ವಾಡ್ರನ್ನಿಗೆ. ಆ ವಿಮಾನದಲ್ಲಿ ಒಬ್ಬನಿಗೇ ಜಾಗ ಅನ್ನುವುದು ಅಮ್ಮನಿಗೆ ಯುದ್ಧಕ್ಕಿಂತ ಹೆಚ್ಚು ದಿಗಿಲು ಹುಟ್ಟಿಸಿತ್ತು. ಬಸ್ಸಿನಲ್ಲಾದರೆ ಡ್ರೈವರಿನ ಜತೆ ಒಬ್ಬ ಕಂಡಕ್ಟರಾದರೂ ಇರುತ್ತಾನೆ, ಇವನಿಗೆ ಯಾರೂ ಇಲ್ಲವಾ ಎಂದು ಬಂದವರನ್ನೆಲ್ಲ ಕೇಳುತ್ತಿದ್ದಳು. ಅವನು ಬರ್ಮಾ ಗಡಿಯಲ್ಲಿದ್ದಾನೆ ಅನ್ನುವುದೊಂದೇ ನಮಗೆ ಗೊತ್ತಿದ್ದದ್ದು.

ಆ ಸಲ ಕಾಫಿ ಕೊಯ್ಲಿನ ಕಾಲದಲ್ಲಿ ಅಣ್ಣ ರಜೆಗೆ ಬಂದ. ನಾನು ಮೊದಲ ಹೆರಿಗೆಗೆಂದು ತವರಿನಲ್ಲಿದ್ದೆ. ಮೂಡಿಗೆರೆಯವರೆಗೆ ಇದ್ದಿಲಿನಿಂದ ಓಡುವ ಬಸ್ಸು, ಅಲ್ಲಿಂದ ಗಾಡಿ. ಗಾಡಿಯಿಂದ ಅವನ ಹಿಂದೆ ಇನ್ನೊಬ್ಬರು ಇಳಿದರು. ಅಣ್ಣನ ಸ್ಕ್ವಾಡ್ರನ್ನಿನವರೇ, ಪಂಜಾಬಿನ ಕಡೆಯ ಮುಸಲ್ಮಾನರು. ತಾಯಿ ಇಲ್ಲದವರು, ರಜೆಯಲ್ಲಿ ಊರಿಗೆ ಹೋಗುವ ಮನಸ್ಸಿರಲಿಲ್ಲವಂತೆ. ತೆಳ್ಳಗೆ, ಎತ್ತರಕ್ಕೆ, ನಾಚಿಕೆಯ ಮನುಷ್ಯ. ಜಗಲಿಯ ಮೆಟ್ಟಿಲು ಹತ್ತುತ್ತಿದ್ದವರು ಕಟ್ಟೆಯ ಮೂಲೆ ನೋಡಿ ಅಲ್ಲೇ ನಿಂತುಬಿಟ್ಟರು. ಮುಖದಲ್ಲಿ ರಕ್ತವೇ ಇರಲಿಲ್ಲ. ಅಣ್ಣನನ್ನು ಏನೋ ಕೇಳಿದರು. ಅಣ್ಣ ತಲೆ ತಗ್ಗಿಸಿ ಏನೋ ಉತ್ತರ ಕೊಟ್ಟ. ಆಗ ಅವರು ಜೋರಾಗಿ ನಕ್ಕರು, ಹೆದರಿಕೆ ಇಳಿದವರ ನಗು ಅದು. ಆ ಬೋರಲು ಬಟ್ಟಲು ನೋಡಿ ಈ ಮನೆಯಲ್ಲಿ ಯಾರೋ ಸತ್ತಿದ್ದಾರೆ ಅಂದುಕೊಂಡರಂತೆ. ಅದು ನಿನ್ನಂಥವರಿಗೆ ಅಂತ ಅಣ್ಣ ಹೇಳಿದ್ದಕ್ಕೆ, ನಮ್ಮಜ್ಜಿಯೂ ಒಂದು ಇಟ್ಟಿದ್ದಳು, ನಿನ್ನಂಥವರಿಗೆ ಅಂದರಂತೆ.

ಬೋರಲು ಬಟ್ಟಲಿಗೂ ಸಾವಿಗೂ ಏನು ಸಂಬಂಧ ಎಂದು ನಮಗೆ ಅವತ್ತು ತಿಳಿಯಲಿಲ್ಲ. ಅಣ್ಣನೂ ಹೇಳಲಿಲ್ಲ.

ಅವರಿಗೆ ಊಟ, ಮಲಗುವುದು ಎಲ್ಲ ಜಗಲಿ ಪಕ್ಕದ ಕೋಣೆಯಲ್ಲಿ. ಅಣ್ಣ ಒಳಗೆ ಅಪ್ಪಯ್ಯನ ಪಂಕ್ತಿಯಲ್ಲಿ ಕೂತು ಗಬಗಬ ತಿಂದು ಹೊರಗೆ ಓಡುತ್ತಿದ್ದ. ಅಮ್ಮ ಮೈಲಿಗೆ ವಿಷಯದಲ್ಲಿ ಎಷ್ಟು ಬಿಗಿಯೋ ಬಡಿಸುವುದರಲ್ಲಿ ಅಷ್ಟೇ ಧಾರಾಳಿ. ದೂರ ನಿಂತೇ ಅವರ ಎಲೆಗೆ ಸುರಿಯುತ್ತಿದ್ದಳು. ಹಾಗಾಗಿ ಅವರು ಕಲಿತ ಮೊದಲ ಕನ್ನಡ ಮಾತು ‘ಸಾಕು’. ಕಾಫಿಯ ರುಚಿ ಹತ್ತಿದ ಮೇಲೆ ‘ಬೇಕು’ ಕಲಿತರು. ಬೆಲ್ಲದ ಕಾಫಿಯನ್ನು ಆ ಪಿಂಗಾಣಿ ಬಟ್ಟಲಲ್ಲಿ ಕುಡಿದು, ತೊಳೆದು, ಬೋರಲು ಹಾಕುವಾಗ ಮಾತ್ರ ಅವರ ಕೈ ಒಂದು ಕ್ಷಣ ತಡೆಯುತ್ತಿತ್ತು. ನಾನು ಬಾಗಿಲ ಸಂದಿಯಿಂದ ನೋಡಿದ್ದೇನೆ.

ಇಬ್ಬರೂ ಬಾಬಾಬುಡನ್‌ಗಿರಿಗೆ ಹೋಗಿ ಬಂದರು. ಹೊರಡುವಾಗ ಅಮ್ಮ ಅವರ ಕೈಗೂ ಒಂದು ತೆಂಗಿನಕಾಯಿ ಹಾಕಿದಳು, ಮೇಲಿಂದಲೇ. ಬರುವಾಗ ಅವರು ಗಿರಿಯ ಪ್ರಸಾದದ ಸಕ್ಕರೆ ತಂದು ಬಾಳೆ ಎಲೆಯಲ್ಲಿ ಕಟ್ಟೆಯ ಮೇಲಿಟ್ಟರು. ಅಮ್ಮ ಅದನ್ನು ಕಣ್ಣಿಗೊತ್ತಿಕೊಂಡು ಬಾಯಿಗೆ ಹಾಕಿಕೊಂಡಳು. ಗಿರಿಯ ಸಕ್ಕರೆಗೆ ಮೈಲಿಗೆ ಇರಲಿಲ್ಲ, ತಂದ ಕೈಗೆ ಮಾತ್ರ ಇತ್ತು. ನನಗೆ ಇದು ಆಗಲೂ ಸಿಟ್ಟು ತರಿಸುತ್ತಿತ್ತು.

ಒಂದು ಸಂಜೆ ಕಣದಲ್ಲಿ ಆಳುಗಳು ಕಾಫಿ ಗುಡ್ಡೆ ಮಾಡುತ್ತಿದ್ದಾಗ ಅಪ್ಪಯ್ಯ ಆ ಹೆದರಿಕೆಯ ಕಾರಣ ಕೇಳಿದರು. ಅಣ್ಣ ಬಾಯಿಬಿಟ್ಟ. ಅಮ್ಮ ಬಾಗಿಲ ಹಿಂದೆ ನಿಂತಳು.

ಅವರ ಸ್ಕ್ವಾಡ್ರನ್ನಿಗೆ ಹೆಚ್ಚು ವಯಸ್ಸಾಗಿರಲಿಲ್ಲ. ಶುರುವಾದದ್ದು ವಾಯವ್ಯ ಗಡಿಯ ಬೋಳು ಗುಡ್ಡಗಳಲ್ಲಿ, ಒಂದರ ಮೇಲೊಂದು ರೆಕ್ಕೆ ಇರುವ ಹಳೆಯ ವಿಮಾನಗಳೊಂದಿಗೆ. ಒಂದು ದಿನ ಚಹಾ ಕುಡಿಯುವ ಹೊತ್ತಿನಲ್ಲಿ ಹಾರಬೇಕೆಂದು ಗಂಟೆ ಬಾರಿಸಿದರಂತೆ. ಒಬ್ಬ ಪೈಲಟ್ ಅರ್ಧ ಬಟ್ಟಲು ಬಿಟ್ಟು, ಇದನ್ನು ಯಾರೂ ಮುಟ್ಟಬೇಡಿ ಎಂದು ಓಡಿದ. ಅವತ್ತು ಹೋದವರಲ್ಲಿ ತಿರುಗಿ ಬಂದವನು ಅವನೊಬ್ಬನೇ. ತಣ್ಣಗಾದ ಚಹಾ ಕುಡಿದು ಮುಗಿಸಿದ. ಅವತ್ತಿನಿಂದ ಆ ಸ್ಕ್ವಾಡ್ರನ್ನಿನಲ್ಲಿ ಬಟ್ಟಲಲ್ಲಿ ಅರ್ಧ ಬಿಡದೆ ಯಾರೂ ಹಾರುವುದಿಲ್ಲ. ಬಂದವನು ಆ ತಣ್ಣನೆಯ ಅರ್ಧವನ್ನು ಕುಡಿಯಲೇಬೇಕು, ನೊಣ ಬಿದ್ದಿದ್ದರೂ ಸರಿ. ಬಾರದಿದ್ದರೆ ಕತ್ತಲಾಗುವವರೆಗೆ ಕಾಯುತ್ತಾರೆ. ಆಮೇಲೆ ಅವನ ಪಕ್ಕದ ಕುರ್ಚಿಯವನು ಅದನ್ನು ಹೊರಗೆ ಮಣ್ಣಿಗೆ ಚೆಲ್ಲಿ, ತೊಳೆಯದೆ, ಬಟ್ಟಲು ಬೋರಲು ಹಾಕುತ್ತಾನೆ. ಮಾರನೆಯ ದಿನ ಮೊದಲ ವಿಮಾನ ಏಳುವ ತನಕ ಹೋದವನ ಹೆಸರೆತ್ತುವಂತಿಲ್ಲ. ಬಟ್ಟಲನ್ನು ಹುಲ್ಲು ಸುತ್ತಿ ಒಂದು ಮರದ ಪೆಟ್ಟಿಗೆಯಲ್ಲಿಡುತ್ತಾರೆ. ಸ್ಕ್ವಾಡ್ರನ್ ಎಲ್ಲಿಗೆ ಹೋದರೆ ಪೆಟ್ಟಿಗೆ ಅಲ್ಲಿಗೆ. ಹೊಸಬ ಬಂದ ದಿನ ಅದರ ಮುಚ್ಚಳ ತೆಗೆದು ತೋರಿಸಿ ಮತ್ತೆ ಮುಚ್ಚುತ್ತಾರೆ, ಏನೂ ಹೇಳುವುದಿಲ್ಲ. ಸ್ಕ್ವಾಡ್ರನ್ನಿನ ಚರಿತ್ರೆ ಎಂದು ಅವರಿಗೆ ಯಾರೂ ಬೇರೆ ಪಾಠ ಮಾಡಲಿಲ್ಲವಂತೆ.

ಬಾಗಿಲ ಹಿಂದಿನಿಂದ ಅಮ್ಮ ಕೇಳಿದಳು, “ಆ ಪೆಟ್ಟಿಗೆ ಎಷ್ಟು ದೊಡ್ಡದು ಮಾರಾಯ?”

“ಈಗ ಎರಡು ಪೆಟ್ಟಿಗೆ ಆಗಿದೆ ಅಮ್ಮ,” ಅಂದ ಅಣ್ಣ.

ಕಣದಲ್ಲಿ ಆಳುಗಳು ಕಾಫಿ ಗೋರುವ ಸದ್ದು ಬರುತ್ತಿತ್ತು. ನನ್ನ ಹೊಟ್ಟೆಯೊಳಗೆ ಮಗು ಒದ್ದಿತು, ನಾನು ಎದ್ದು ಒಳಗೆ ಹೋದೆ.

ಅವರು ಹೊರಟ ಬೆಳಿಗ್ಗೆ ಅಮ್ಮ ಇಬ್ಬರಿಗೂ ಕಾಫಿ ಕೊಟ್ಟಳು. ಅಣ್ಣ ಒಳಗೆ ತನ್ನ ಕಂಚಿನ ಲೋಟದಲ್ಲಿ ಅರ್ಧ ಕುಡಿದು ಕೆಳಗಿಟ್ಟು ಅಮ್ಮನ ಮುಖ ನೋಡಿದ. ಎಂಜಲು ಲೋಟ ಒಂದು ಗಳಿಗೆ ಬಿದ್ದಿದ್ದರೆ ಮನೆಯವರನ್ನೆಲ್ಲ ಎತ್ತಿ ಆಡುವ ಅಮ್ಮ ತುಟಿ ಎರಡು ಮಾಡಲಿಲ್ಲ. ಎರಡೂ ಕೈಯಲ್ಲಿ ಲೋಟ ಎತ್ತಿ, ಅಡುಗೆಮನೆಯ ಗೋಡೆಯ ಗೂಡಿನಲ್ಲಿಟ್ಟು, ಮೇಲೆ ತಟ್ಟೆ ಮುಚ್ಚಿದಳು. ಹೊರಗೆ ಅವರೂ ಅರ್ಧ ಕುಡಿದು ಬಟ್ಟಲನ್ನು ಕಟ್ಟೆಯ ಮೇಲಿಟ್ಟಿದ್ದರು. ಅಮ್ಮ ಬಾಗಿಲಿಗೆ ಬಂದಾಗ ಎದೆಯ ಮೇಲೆ ಕೈಯಿಟ್ಟು ತಲೆ ಬಾಗಿಸಿದರು. ಆಮೇಲೆ ಬಟ್ಟಲು ತೋರಿಸಿ, “ಅಮ್ಮ, ಬೇಕು,” ಅಂದರು. ಅಮ್ಮ ಆಗಲಿ ಎಂಬಂತೆ ತಲೆಯಾಡಿಸಿದಳು. ಆಡಿಸಿದ್ದನ್ನು ನಾನು ನೋಡಿದ್ದೇನೆ, ಅವರೂ ನೋಡಿದರು.

ಮಧ್ಯಾಹ್ನ ನಾನು ಎದ್ದು ಜಗಲಿಗೆ ಬಂದರೆ ಬಟ್ಟಲು ಮೂಲೆಯಲ್ಲಿ ಬೋರಲು ಬಿದ್ದಿತ್ತು, ಇನ್ನೂ ಒದ್ದೆಯಿತ್ತು. ಅಂಗಳ ಗುಡಿಸುವವಳಿಗೆ ಅಮ್ಮನೇ ಹೇಳಿ ಚೆಲ್ಲಿಸಿ ತೊಳೆಸಿದ್ದಳು. ಓಡಿಹೋಗಿ ಕೇಳಿದೆ. ಒಲೆಯ ಮುಂದಿನಿಂದ ಏಳದೆಯೇ ಅಮ್ಮ ಹೇಳಿದಳು, ನಾಳೆ ಮೇಸ್ತ್ರಿ ಬಂದರೆ ಎಂಥದರಲ್ಲಿ ಕೊಡುವುದು, ಇರುವುದು ಅದೊಂದೇ. ಅವರದ್ದು ಅವರ ಮನೆಯವರು ನೋಡಿಕೊಳ್ಳುತ್ತಾರೆ. ಅವರಿಗೆ ಮನೆಯಲ್ಲಿ ಯಾರಿದ್ದಾರೆ ಎಂದೆ. ಅಮ್ಮ ಒಲೆಗೆ ಇನ್ನೊಂದು ಸೌದೆ ದೂಡಿದಳು. ನಾನು ಅವತ್ತು ಊಟ ಬಿಟ್ಟು ಕೂತೆ, ಬಸುರಿ ಅಂತಲೂ ನೋಡದೆ. ಅದರಿಂದ ಏನೂ ಆಗಲಿಲ್ಲ. ಮಾರನೆಯ ದಿನ ಮೇಸ್ತ್ರಿ ಅದರಲ್ಲೇ ಕಾಫಿ ಕುಡಿದ.

ಅಲ್ಲಿಂದ ಮುಂದೆ ಮನೆಯ ಜೀವವೆಲ್ಲ ಆ ಗೂಡಿನಲ್ಲಿತ್ತು. ಅಮ್ಮ ಬೆಳಿಗ್ಗೆ ಎದ್ದು ದೇವರ ಕಡೆ ನೋಡುವ ಮುಂಚೆ ತಟ್ಟೆ ಸರಿಸಿ ಲೋಟ ನೋಡುತ್ತಿದ್ದಳು. ಕಾಫಿಯ ಮೇಲೆ ಮೊದಲು ಬಿಳಿ ಬೂಷ್ಟು ಬಂತು, ಆಮೇಲೆ ಹಸಿರು, ಆಮೇಲೆ ಅದೂ ಒಣಗಿ ಕಪ್ಪು ಹೆಕ್ಕಳೆಯಾಗಿ ತಳಕ್ಕೆ ಕಚ್ಚಿತು. ಇರುವೆ ಬಾರದಿರಲೆಂದು ಗೂಡಿನ ಸುತ್ತ ಅರಿಶಿನದ ಗೆರೆ ಎಳೆದಳು. ಅಪ್ಪಯ್ಯ ಒಮ್ಮೆ ಇದೆಂಥ ಅನಾಚಾರ ಎಂದದ್ದಕ್ಕೆ ಎರಡು ದಿನ ಅವರಿಗೆ ಊಟ ಬಡಿಸಿದ್ದು ನಾನು. ನನಗೆ ಹೆರಿಗೆಯಾದ ದಿನ, ಮಗು ಅತ್ತದ್ದು ಕೇಳಿ ಒಳಗೆ ಬಂದವಳು ಒಂದು ಸಲ ನೋಡಿ ಮತ್ತೆ ಆ ಗೂಡಿನ ಹತ್ತಿರವೇ ಹೋದಳು. ನನಗೆ ಹೊಟ್ಟೆ ಉರಿಯಿತು. ಸುಳ್ಳು ಯಾಕೆ ಹೇಳಲಿ.

ಆ ವರ್ಷ ಹೂಮಳೆ ಸರಿಯಾಗಿ ಬರಲಿಲ್ಲ. ಮೊಗ್ಗು ಬಿರಿಯದೆ ಗಿಡದಲ್ಲೇ ಕೆಂಪಾಗಿ ಒಣಗಿತು. ಅಣ್ಣನಿಂದ ಒಂದು ಕಾರ್ಡ್ ಬಂತು, ಆಮೇಲೆ ಏನೂ ಇಲ್ಲ. ಒಂದು ದಿನ ನಮ್ಮ ಗುಡ್ಡದ ಮೇಲೆ ಒಂದು ವಿಮಾನ ತೀರಾ ತಗ್ಗಿನಲ್ಲಿ ಹಾದುಹೋಯಿತು. ತೋಟದಲ್ಲಿದ್ದ ಆಳುಗಳು ಗಿಡದ ಬುಡಕ್ಕೆ ನುಗ್ಗಿದರು, ಅಮ್ಮ ಅಂಗಳಕ್ಕೆ ಬಂದು ಅದು ಮಾಯವಾದ ಮೇಲೂ ನಿಂತೇ ಇದ್ದಳು. ಕಳಸದ ಕಡೆಯ ಒಂದು ಮನೆಗೆ ಮಗ ಯುದ್ಧದಲ್ಲಿ ಹೋದನೆಂದು ತಂತಿ ಬಂದ ಸುದ್ದಿ ಬಂತು. ಅಂದಿನಿಂದ ಟಪಾಲಿನವನನ್ನು ಕಂಡರೆ ಅಮ್ಮ ಹಿತ್ತಲಿಗೆ ಹೋಗಿಬಿಡುತ್ತಿದ್ದಳು, ಅವನು ಹೋದ ಮೇಲೆಯೇ ಬರುವಳು. ನಾನು ಜಗಲಿಯ ಬಟ್ಟಲನ್ನು ಕಂಡಾಗಲೆಲ್ಲ ಮಗ್ಗುಲು ಮಾಡಿ ಇಡುತ್ತಿದ್ದೆ. ಯಾರಾದರೂ ಅದನ್ನು ಮತ್ತೆ ಬೋರಲು ಹಾಕುತ್ತಿದ್ದರು. ಅದರಲ್ಲಿ ಯಾರ ತಪ್ಪೂ ಇರಲಿಲ್ಲ, ಅದು ಇರಬೇಕಾದದ್ದೇ ಹಾಗೆ.

ಮಳೆಗಾಲ ಹಿಡಿಯುವ ಮುಂಚೆ ಅಣ್ಣ ಬಂದ. ಹೇಳದೆ ಕೇಳದೆ, ಒಬ್ಬನೇ, ಗಾಡಿಯೂ ಇಲ್ಲದೆ ನಡೆದು. ನಾನು ಮಗುವಿಗೆ ಬಿಸಿಲು ಕಾಯಿಸುತ್ತಾ ಅಂಗಳದಲ್ಲಿದ್ದೆ. ಅವನ ಕೆನ್ನೆಯ ಮೂಳೆ ಎದ್ದಿತ್ತು, ಎಡಗೈಯ ಚರ್ಮ ಸುಟ್ಟು ಮಿರುಗುತ್ತಿತ್ತು. ಅವನು ನನ್ನನ್ನಾಗಲಿ ಮಗುವನ್ನಾಗಲಿ ನೋಡಲಿಲ್ಲ. ಮೆಟ್ಟಿಲ ಮೇಲೆ, ಅವತ್ತು ಅವರು ನಿಂತಿದ್ದ ಜಾಗದಲ್ಲೇ ನಿಂತು ಕಟ್ಟೆಯ ಮೂಲೆ ನೋಡುತ್ತಿದ್ದ. ನನಗೆ ಅಲ್ಲೇ ಎಲ್ಲ ಗೊತ್ತಾಯಿತು.

ಅಮ್ಮನಿಗೆ ಗೊತ್ತಾಗಲಿಲ್ಲ. ಅವನನ್ನು ಕೈಹಿಡಿದು ಒಳಗೆ ಎಳೆದುಕೊಂಡು ಹೋಗಿ ಗೂಡಿನಿಂದ ಲೋಟ ತೆಗೆದಳು. ನೋಡು, ಯಾರೂ ಮುಟ್ಟಿಲ್ಲ, ನಿನ್ನದು ಹಾಗೇ ಇದೆ ಎಂದು ಅಳುತ್ತಾ ನಗುತ್ತಾ ತೋರಿಸಿದಳು. ಅಣ್ಣ ಲೋಟದೊಳಗೆ ಬಗ್ಗಿ ನೋಡಿದ. ಕೊಡದಿಂದ ನೀರು ಹಾಕಿ, ಬೆರಳಲ್ಲಿ ಕದಡಿ, ಆ ಕಪ್ಪು ನೀರನ್ನು ಕುಡಿದ. ಕುಡಿದು ಕೇಳಿದ, “ಅವನದ್ದು ಯಾವಾಗ ಚೆಲ್ಲಿದ್ರಿ?”

ಅಮ್ಮ ಅವತ್ತೇ ಅಂದಳು. ಸುಳ್ಳು ಹೇಳಲಿಲ್ಲ, ಅಷ್ಟು ಮಟ್ಟಿಗೆ ಅವಳನ್ನು ಒಪ್ಪಬೇಕು.

ಅಣ್ಣ ನೆಲದ ಮೇಲೆ ಕೂತ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ, ಇದ್ದಿದ್ದರೆ ಚೆನ್ನಾಗಿತ್ತು.

“ಅವನು ಅಲ್ಲಿ ಅರ್ಧ ಬಿಡೋದನ್ನೇ ನಿಲ್ಲಿಸಿದ್ದ ಅಮ್ಮ. ಪೂರ್ತಿ ಕುಡಿದು ಹಾರ್ತಿದ್ದ. ಎಲ್ಲರೂ ಬೈದ್ರೂ ಕೇಳ್ಲಿಲ್ಲ. ನಂದು ಆ ಬೆಟ್ಟದ ಮೇಲೆ ಅಮ್ಮನ ಹತ್ರ ಇದೆ, ಅವ್ರು ಕಾಯ್ತಾ ಇದಾರೆ ಅಂತಿದ್ದ.”

ಒಂದು ಬೆಳಿಗ್ಗೆ ಮೋಡದೊಳಗೆ ಹೋದವರು ಹೊರಗೆ ಬರಲಿಲ್ಲವಂತೆ. ಸಂಜೆ ಅವರ ಮೇಜಿನ ಮೇಲೆ ಚೆಲ್ಲಲು ಏನೂ ಇರಲಿಲ್ಲ. ಪಕ್ಕದ ಕುರ್ಚಿ ಅಣ್ಣನದು. ಬಟ್ಟಲು ಎಲ್ಲಿದೆ ಎಂದು ಅವನೊಬ್ಬನಿಗೇ ಗೊತ್ತಿದ್ದದ್ದರಿಂದ ಅದನ್ನು ಚೆಲ್ಲಿ ತರಲು ಅವನಿಗೆ ರಜೆ ಕೊಟ್ಟು ಕಳಿಸಿದ್ದರು.

ಅಮ್ಮ ಒಲೆಗೆ ಹೋಗಿ ಕಾಫಿ ಬಿಸಿ ಮಾಡಿ, ಜಗಲಿಯಿಂದ ಆ ಬಟ್ಟಲನ್ನು ತಾನೇ ತನ್ನ ಕೈಯಾರೆ ಎತ್ತಿ ತಂದು, ಅಡುಗೆಮನೆಯೊಳಗೆ ತಂದು, ಅದರಲ್ಲಿ ಹೊಯ್ದು ಅಣ್ಣನ ಮುಂದೆ ಹಿಡಿದಳು. ಇದನ್ನು ಚೆಲ್ಲು ಅಂದಳು. ಅದು ಅವನು ಕುಡಿದು ಬಿಟ್ಟದ್ದಲ್ಲ ಅಮ್ಮ ಎಂದ ಅಣ್ಣ. ಬಟ್ಟಲು ಇಸಿದುಕೊಂಡು ಅದರಲ್ಲಿದ್ದದ್ದನ್ನು ಪಾತ್ರೆಗೆ ವಾಪಸು ಸುರಿದ. ಬರಿಯ ಬಟ್ಟಲನ್ನು ಟವೆಲಿನಲ್ಲಿ ಸುತ್ತಿ ಚೀಲದೊಳಗಿಟ್ಟ.

ಮಾರನೆಯ ಬೆಳಿಗ್ಗೆಯೇ ಹೊರಟ. ಅಮ್ಮ ಕಂಚಿನ ಲೋಟ ತಿಕ್ಕಿ ತೊಳೆದು ತುಂಬ ಕಾಫಿ ಕೊಟ್ಟಳು. ಅವನು ಕುಡಿಯಲು ಶುರು ಮಾಡಿದ. ಅರ್ಧಕ್ಕೆ ಬಂದಾಗ ನಿಲ್ಲಿಸಲಿಲ್ಲ. ಅಮ್ಮ ಅವನ ಮೊಣಕೈ ಹಿಡಿದಳು.

“ಸ್ವಲ್ಪ ಬಿಡು ಮಗಾ. ತಳದಲ್ಲಾದ್ರೂ ಬಿಡು.”

“ಬಿಟ್ರೆ ಯಾರಮ್ಮ ಕಾಯ್ತಾರೆ?” ಅಂದ ಅಣ್ಣ. ಪೂರ್ತಿ ಕುಡಿದ.

ಆಮೇಲಿನ ದಿನಗಳಲ್ಲಿ ಅಮ್ಮ ಖಾಲಿ ಗೂಡಿನ ಮುಂದೆ ಕೂತಿರುತ್ತಿದ್ದಳು. ಅರಿಶಿನದ ಗೆರೆ ಒರೆಸಲು ಬಿಡಲಿಲ್ಲ. ಆ ಮಳೆಗಾಲವನ್ನು, ಅದರ ಮುಂದಿನ ಕೊಯ್ಲನ್ನು ನಾವು ಹೇಗೆ ಕಳೆದೆವು ಎಂದು ಬರೆಯಲು ನನಗೆ ಇಷ್ಟವಿಲ್ಲ.

ಯುದ್ಧ ಮುಗಿದ ಮೇಲೆ ಅಣ್ಣ ಬದುಕಿ ಬಂದ. ತೋಟ ನೋಡಿಕೊಂಡ, ಅಪ್ಪಯ್ಯನ ಕೆಲಸವೆಲ್ಲ ಮಾಡಿದ, ಅಮ್ಮನ ಜತೆ ಎಂದೂ ಗಟ್ಟಿಯಾಗಿ ಮಾತಾಡಲಿಲ್ಲ. ಆದರೆ ಕಾಫಿಗೆ ಮಾತ್ರ ಜಗಲಿಗೆ ಬಂದು ಕೂರುತ್ತಿದ್ದ. ಕೊನೆಯ ಹನಿಯವರೆಗೆ ಕುಡಿದು, ಲೋಟವನ್ನು ತಾನೇ ತೊಳೆದು, ಕಟ್ಟೆಯ ಮೂಲೆಯಲ್ಲಿ ಬೋರಲು ಹಾಕಿ ಎದ್ದುಹೋಗುತ್ತಿದ್ದ. ಅಮ್ಮ ಒಂದು ದಿನವಾದರೂ ತನಗೆ ಕೊಡು, ತೊಳೆಯುತ್ತೇನೆ ಎಂದು ಬಾಗಿಲಲ್ಲಿ ಕೈಚಾಚಿ ನಿಲ್ಲುತ್ತಿದ್ದಳು. ಅವಳು ತೀರಿಹೋಗುವ ತನಕ ಅವನು ಕೊಡಲಿಲ್ಲ.