ಡಬ್ಬಿಯೊಳಗಿನ ಅಂಟಿನುಂಡೆ

ಮಗಳ ಬಾಣಂತನಕ್ಕೆಂದು ಇವತ್ತು ಮತ್ತೆ ಅಂಟು ಹುರಿಯುತ್ತಿದ್ದೆ. ತುಪ್ಪದಲ್ಲಿ ಅದು ಅರಳಿದ ಘಮಕ್ಕೆ ಲಷ್ಕರ್ ಮೊಹಲ್ಲಾದ ನಮ್ಮ ಹಳೇ ಮನೆ ನೆನಪಾಯಿತು. ಜೊತೆಗೆ ಹಳೇ ಹೊಟ್ಟೆಕಿಚ್ಚೂ.

ಆಗ ಬಾಣಂತಿ ನಮ್ಮ ಚಿಕ್ಕಮ್ಮ. ತಲೆಗೆ ಉಣ್ಣೆ ಸ್ಕಾರ್ಫು, ಕಿವಿಗೆ ಹತ್ತಿ. ಎಲ್ಲರಿಗಿಂತ ಮೊದಲು ಅವಳಿಗೇ ಬಿಸಿ ಅನ್ನ, ಊಟವಾದ ಮೇಲೆ ಅಜ್ಜಿ ಕಟ್ಟಿದ ಅಂಟಿನುಂಡೆ. ಅಲ್ಲಿಯವರೆಗೆ ಆ ಮನೆಯ ಮುದ್ದೆಲ್ಲ ನನ್ನದಾಗಿತ್ತು. ಒಂದೇ ಒಂದು ಉಂಡೆ ಕೇಳಿದರೂ ಅಜ್ಜಿ, "ಅದು ಬಾಣಂತಿ ತಿನ್ನೋದು ಕಣೆ, ನಿಂಗೆ ಉಷ್ಣ ಆಗತ್ತೆ" ಎಂದು ಡಬ್ಬಿ ಮುಚ್ಚುತ್ತಿದ್ದಳು.

ಒಂದು ದಿನ ನಾನೂ ಸ್ಕಾರ್ಫು ಕಟ್ಟಿ, ಕಿವಿಗೆ ಹತ್ತಿ ತುರುಕಿಕೊಂಡು ಚಾಪೆಯ ಮೇಲೆ ನರಳುತ್ತಾ ಮಲಗಿದೆ. ಅಜ್ಜಿ ನಗಲಿಲ್ಲ. ಚಿಕ್ಕಮ್ಮನಿಗೆ ಮಾಡಿದ್ದ ಮೆಣಸಿನ ಸಾರಿನಲ್ಲಿ ಅನ್ನ ಕಲಸಿ ತಂದಳು.

"ಇದನ್ನ ಪೂರ್ತಿ ತಿಂದ್ಬುಡು, ಆಮೇಲೆ ಉಂಡೆ."

ಎರಡನೇ ತುತ್ತಿಗೇ ಕಣ್ಣು ಮೂಗಲ್ಲಿ ನೀರಿಳಿದು ಎದ್ದು ಓಡಿದೆ.

"ನಿನ್ನ ಬಾಣಂತನಕ್ಕೆ ಡಬ್ಬಿ ತುಂಬ ಮಾಡ್ಕೊಡ್ತೀನಿ ಬಾರೆ" ಎಂದು ಅಜ್ಜಿ ಹಿಂದಿನಿಂದ ಕೂಗಿದಳು.

ನನ್ನ ಬಾಣಂತನದ ಹೊತ್ತಿಗೆ ಅಜ್ಜಿ ಇರಲಿಲ್ಲ. ಅಮ್ಮನಿಗೆ ಉಂಡೆ ಕಟ್ಟಲು ಬರುತ್ತಿರಲಿಲ್ಲ. ನಾನು ಮಗಳಿಗಾಗಿ ಫೋನಿನಲ್ಲಿ ವಿಡಿಯೋ ನೋಡಿ ಕಲಿತೆ.

ಇವತ್ತು ಮಧ್ಯಾಹ್ನ ಮಗಳು ಅರ್ಧ ಉಂಡೆ ತಿಂದು ತಟ್ಟೆ ಸರಿಸಿದಳು. "ದಿನಾ ಇದೇ ಆಯ್ತಲ್ಲಮ್ಮ, ಸಾಕಾಗೋಯ್ತು."

ಬೇಸರ ಬರುವಷ್ಟು ಉಂಡೆ ಸಿಕ್ಕಿದೆ ಇವಳಿಗೆ. ನನಗೆ ಹೊಟ್ಟೆ ಉರಿಯಿತು.

ಮಗುವಿನ ಪಕ್ಕದಲ್ಲಿ ಅವಳಿಗೆ ನಿದ್ದೆ ಹತ್ತಿತು. ಸೆಖೆಯೆಂದು ಕಿತ್ತೆಸೆದಿದ್ದ ಅವಳ ಸ್ಕಾರ್ಫನ್ನು ನನ್ನ ತಲೆಗೆ ಬಿಗಿದುಕೊಂಡು, ಅಡುಗೆಮನೆಯ ಬಾಗಿಲು ಮುಚ್ಚಿ, ಆ ಅರ್ಧ ಉಂಡೆಯನ್ನು ನಿಧಾನವಾಗಿ ತಿಂದೆ.