ಬಾಕಿ ಇಟ್ಟ ಕಣ್ಣು

ಲೀಲಕ್ಕ ಬರೆದ ಕೊನೆಯ ಮುಖಕ್ಕೆ ಸಂಜೆಯ ಹೊತ್ತಿಗೆ ಎಂದೂ ಎರಡು ಕಣ್ಣು ಇರುತ್ತಿರಲಿಲ್ಲ. ಒಂದನ್ನು ಬರೆದು, ಇನ್ನೊಂದರ ಜಾಗವನ್ನು ಹಾಗೇ ಬಿಟ್ಟು ಸುಣ್ಣದ ಬಾಲ್ದಿ ಎತ್ತಿಕೊಂಡು ಹೊರಟುಬಿಡುತ್ತಿದ್ದರು. ಮರುದಿನ ಮೊದಲು ಆ ಕಣ್ಣು. ಹೊಸ ಮುಖ ಆಮೇಲೆ.

“ಎಲ್ಲ ಮುಗಿಸಿ ಮಲಗಿದರೆ ಬೆಳಿಗ್ಗೆ ನನ್ನನ್ನು ಎಬ್ಬಿಸುವುದು ಯಾರು ಮಾಷ್ಟ್ರೇ? ಬಾ ಅಂತ ಕರೆಯುವವರು ಒಬ್ಬರೂ ಇಲ್ಲ. ಒಂದು ಕಣ್ಣಾದರೂ ಕಾಯಲಿ” ಎಂದು ನನಗೆ ಹೇಳುತ್ತಿದ್ದರು.

ಬಂದ್ಯೋಡಿನ ಅಂಗಡಿಗಳಿಗೆ ಬೋರ್ಡು ಬರೆಯುತ್ತಿದ್ದವರು ಅವರು. ಫ್ಲೆಕ್ಸ್ ಬಂದ ಮೇಲೆ ಬೋರ್ಡು ಬರೆಸುವವರೇ ಇಲ್ಲದಾಯಿತು. ಆಗ ನಮ್ಮ ನೆಕ್ರಾಜೆಯ ಗುಡ್ಡದಲ್ಲಿ, ಕಲ್ಲು ಕಡಿದು ಬಿಟ್ಟ ಕೆಂಪುಕಲ್ಲಿನ ಕೋರೆಯ ಗೋಡೆ ಅವರ ಕಣ್ಣಿಗೆ ಬಿತ್ತು. ಮೊಗ್ರಾಲಿನಿಂದ ತಂದ ಚಿಪ್ಪಿನ ಸುಣ್ಣ ಬಿಳಿಗೆ, ಸುಟ್ಟ ತೆಂಗಿನ ಗೆರಟೆಯ ಮಸಿ ಕಪ್ಪಿಗೆ. “ಕೆಂಪು ಎಂತಕ್ಕೆ? ಕಲ್ಲೇ ಕೊಡ್ತದಲ್ಲ.” ಮೀನು ಮಾರುವ ಹೆಂಗಸು, ಬಸ್ಸಿನ ಕ್ಲೀನರ್, ಕಲ್ಲು ಹೊರುವವರು, ಎಲ್ಲರೂ ಆ ಗೋಡೆಯಲ್ಲಿ ಎರಡಾಳು ಎತ್ತರಕ್ಕೆ ಎದ್ದು ನಿಂತರು.

ಸಹಾಯ ಕೇಳಲು ಪಂಚಾಯತಿಗೆ ಹೋದಾಗ, ಸುಣ್ಣ ಬಳಿಯುವುದಕ್ಕೆ ಯಾವ ಯೋಜನೆಯೂ ಇಲ್ಲ ಎಂದರಂತೆ. ಅವರ ಅಣ್ಣ ಅದನ್ನೇ ಹಿಡಿದುಕೊಂಡ. “ಸುಣ್ಣ ಬಳಿಯುವುದಾದರೆ ನಮ್ಮ ಮನೆಗೆ ಬಳಿ ಮಾರಾಯ್ತಿ, ಚಾ ಆದರೂ ಸಿಗ್ತದೆ.”

“ನಿನ್ನ ಗೋಡೆ ನನಗೆ ಸಾಲುವುದಿಲ್ಲ ಅಣ್ಣಾ.”

ಪ್ಯಾರಲಲ್ ಕಾಲೇಜೆಂಬ ಖಾಸಗಿ ಟ್ಯುಟೋರಿಯಲ್ಲಿನಲ್ಲಿ ಪಾಠ ಮಾಡುವ ನಾನು ರಜೆಯ ದಿನ ಕೋರೆಯ ಮೇಲೆ ಕುಳಿತು, ಗೋಡೆಗೆ ಇಳಿದು ಬರೆಯುತ್ತಿದ್ದ ಅವರ ಹಗ್ಗ ನೋಡಿಕೊಳ್ಳುತ್ತಿದ್ದೆ. ಹಗ್ಗದ ಒಂದು ತುದಿ ಅವರ ಸೊಂಟಕ್ಕೆ, ಇನ್ನೊಂದು ಅಂಚಿನ ಗೇರುಮರಕ್ಕೆ. ಅಂಥದೊಂದು ರಜೆಯ ಹಿಂದಿನ ದಿನ ಮಳೆ ಬಂದಿತ್ತು. ಕೋರೆಯವರು ಆ ಮರದ ಒಂದು ಬದಿಯ ಬೇರನ್ನೆಲ್ಲ ಕಲ್ಲಿನ ಜೊತೆಗೇ ಕಡಿದಿದ್ದರೆಂಬುದು ಇಬ್ಬರಿಗೂ ಹೊಳೆಯಲಿಲ್ಲ.

ಪಟಪಟ ಎಂದು ಸದ್ದಾಯಿತು. ಮರ ಕೋರೆಯ ಕಡೆಗೆ ವಾಲಿತು. ನಾನು ಹಾರಿ ಹಗ್ಗ ಹಿಡಿದೆ. ಅಂಗೈ ಸುಲಿಯುತ್ತ ಹಗ್ಗ ಜಾರಿತು, ನೆಲಕ್ಕೆ ಎದೆಯೂರಿದೆ, ಮತ್ತೆ ಜಾರಿತು. ಕೆಳಗೆ ಕಲ್ಲು ಬಿದ್ದ ಸದ್ದು. ಆಮೇಲೆ ಏನೂ ಇಲ್ಲ.

“ಲೀಲಕ್ಕಾ!”

“ಕೂಗಬೇಡಿ ಮಾಷ್ಟ್ರೇ, ಕಾಲಿಗೆ ಕಲ್ಲು ಕಡಿದ ಮೆಟ್ಟಿಲು ಸಿಕ್ಕಿತು. ಬಾಲ್ದಿ ಮಗುಚಿತಾ ನೋಡಿ.”

ಈಗಲೂ ಒಗ್ಗರಣೆಗೆ ಸಾಸಿವೆ ಸಿಡಿದರೆ ನನಗೆ ಕೇಳುವುದು ಆ ಬೇರುಗಳು. ಕೈ ತಾನಾಗಿ ಮುಷ್ಟಿ ಕಟ್ಟುತ್ತದೆ.

“ಇನ್ನು ಸಾಕು ಲೀಲಕ್ಕ” ಎಂದು ಆ ಸಂಜೆ ಬೇಡಿಕೊಂಡೆ. ಅವರು ನನ್ನ ಅಂಗೈಗೆ ತೆಂಗಿನೆಣ್ಣೆ ಹಚ್ಚುತ್ತ, “ಮರ ಆರಿಸಿದ್ದು ತಪ್ಪಿತು. ಬರೆದದ್ದು ತಪ್ಪಲಿಲ್ಲವಲ್ಲ” ಎಂದರು. ಮರುದಿನ ಬೆಳಿಗ್ಗೆ ಕೆಳಗಿನಿಂದ ಏಣಿ ಇಟ್ಟು ಹತ್ತಿದ್ದರು.

ಸುದ್ದಿ ಜಾಗದ ಯಜಮಾನರಿಗೆ ಮುಟ್ಟಿತು. ಯಾರಾದರೂ ಸತ್ತರೆ ತಲೆನೋವೆಂದು ಅವರು ಕೋರೆಯನ್ನೇ ಮುಚ್ಚಿಸಲು ಹೊರಟರು. ಲಾರಿಗಳು ಒಂದು ಬದಿಯಿಂದ ಮಣ್ಣು ಸುರಿಯುತ್ತ ಬಂದರೆ ಲೀಲಕ್ಕ ಇನ್ನೊಂದು ಬದಿಯಲ್ಲಿ ಬರೆಯುತ್ತಲೇ ಇದ್ದರು. ಕೊನೆಯ ಸಂಜೆ ಒಬ್ಬ ಅಜ್ಜಿಯ ಮುಖ. ಎಂದಿನಂತೆ ಒಂದೇ ಕಣ್ಣು.

“ಇವತ್ತಾದರೂ ಮುಗಿಸಿ. ನಾಳೆ ಮಣ್ಣಿನಡಿ ಹೋಗ್ತದೆ” ಎಂದೆ.

“ಹೋಗುವುದು ಮುಖ. ಕಣ್ಣು ನನ್ನ ಹತ್ತಿರ ಉಂಟು” ಎಂದು ಕುಂಚ ತೊಳೆದರು. ಬಾಲ್ದಿ ಹಿಡಿದು ಗುಡ್ಡ ಇಳಿದರು. ನಾನು ಅವರನ್ನು ಕೊನೆಯದಾಗಿ ಕಂಡದ್ದು ಆಗ.

ಗುಡ್ಡದ ಆಚೆ ಇನ್ನೊಂದು ಹಳೆಯ ಕೋರೆ ಇದೆ, ಲೀಲಕ್ಕ ಅಲ್ಲಿಗೆ ಹೋಗುತ್ತಾರಂತೆ ಎಂದು ತಿಳಿದರೂ ತಿಂಗಳುಗಟ್ಟಲೆ ನನ್ನ ಕಾಲು ಅತ್ತ ಹೋಗಲಿಲ್ಲ. ಮೊನ್ನೆ ಹೋದೆ. ಅವರಿರಲಿಲ್ಲ, ಸುಣ್ಣ ತರಲು ಮೊಗ್ರಾಲಿಗೆ ಹೋಗಿದ್ದಾರೆ ಎಂದು ಹುಲ್ಲು ಕೊಯ್ಯುತ್ತಿದ್ದ ಹೆಂಗಸು ಹೇಳಿದಳು. ಗೋಡೆಯಲ್ಲಿ ಸಾಲು ಸಾಲು ಮುಖಗಳು. ಎಲ್ಲಕ್ಕೂ ಮೊದಲು, ಎತ್ತರದಲ್ಲಿ, ಮುಖವಿಲ್ಲದೆ ಒಂದೇ ಒಂದು ಕಣ್ಣು. ಮುದಿ ರೆಪ್ಪೆ, ಆ ಅಜ್ಜಿಯದ್ದೇ.

ಮೇಲೆ ಹತ್ತಿದೆ. ಅಂಚಿನಿಂದ ಬಹಳ ಹಿಂದೆ, ಇಡಿಯ ಬಂಡೆಯೊಂದಕ್ಕೆ ಹಗ್ಗ ಬಿಗಿದಿತ್ತು. ಹಗ್ಗ ಹಿಡಿದು, ಮೈಭಾರವನ್ನೆಲ್ಲ ಹಾಕಿ ಎಳೆದೆ.

ಬಂಡೆ ಜಗ್ಗಲಿಲ್ಲ.